ಕಪಾಟಿನೊಳಗಿನ ಕಾರ್ಡು ಮತ್ತು ಸರಕಾರದ ಲೆಕ್ಕ

ನಿಮ್ಮ ಮನೆಯಲ್ಲಿ ಯಾರಿಗಾದರೂ ಆರೋಗ್ಯ ವಿಮೆ ಇದೆಯೇ? ಮುಂದಕ್ಕೆ ಓದುವ ಮೊದಲು ಮನಸ್ಸಿನಲ್ಲೇ ಒಂದು ಉತ್ತರ ಹೇಳಿಕೊಳ್ಳಿ. ಎದ್ದು ಹೋಗಿ ಕಪಾಟು ತೆರೆದು ನೋಡಬೇಡಿ. ಮನೆಬಾಗಿಲಿಗೆ ಬಂದ ಗಣತಿದಾರರೂ ನಿಮಗೆ ಅಷ್ಟು ಸಮಯ ಕೊಡುವುದಿಲ್ಲ.

ನಮ್ಮ ನೆರೆಯ ಒಬ್ಬ ತಾಯಿಯಲ್ಲಿ ಇದೇ ಪ್ರಶ್ನೆ ಕೇಳಿದ್ದೆ. "ಅದೆಲ್ಲ ದೊಡ್ಡವರಿಗೆ, ನಮಗೆಲ್ಲಿಂದ ಬರಬೇಕು" ಎಂದರು. ಕೆಲವು ತಿಂಗಳ ಬಳಿಕ ಅವರ ಪತಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಮಗಳ ಬಳೆ ಅಡವಿಟ್ಟು ಹಣ ಹೊಂದಿಸಿದರು. ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆ ಪಡಿತರ ಚೀಟಿ ಹುಡುಕುವಾಗ ಅದೇ ಪ್ಲಾಸ್ಟಿಕ್ ಲಕೋಟೆಯಲ್ಲಿ ಆಯುಷ್ಮಾನ್ ಕಾರ್ಡು ಸಿಕ್ಕಿತು. ಯಾವುದೋ ಶಿಬಿರದಲ್ಲಿ ಬೆರಳಚ್ಚು ಕೊಟ್ಟು ಮಾಡಿಸಿದ್ದು ಅವರಿಗೆ ಮರೆತೇ ಹೋಗಿತ್ತು. ಈಗ ಹೇಳಿ, ಆ ಮನೆಗೆ ವಿಮೆ ಇತ್ತೇ, ಇರಲಿಲ್ಲವೇ? ಸರಕಾರದ ಕಂಪ್ಯೂಟರಿನಲ್ಲಿ ಇತ್ತು. ಸಮೀಕ್ಷೆಯವರು ಬಂದಿದ್ದರೆ ಅವರ ಹಾಳೆಯಲ್ಲಿ 'ಇಲ್ಲ' ಎಂದು ದಾಖಲಾಗುತ್ತಿತ್ತು. ಅಡವಿಟ್ಟ ಬಳೆಯ ಲೆಕ್ಕದಲ್ಲೂ ಇಲ್ಲ.

'ದೇಶದಲ್ಲಿ ಇಷ್ಟು ಶೇಕಡಾ ಜನರಿಗೆ ಆರೋಗ್ಯ ವಿಮೆ' ಎಂಬ ಸುದ್ದಿಯನ್ನು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಈ ಅಂಕಿಗಳು ಎಲ್ಲಿಂದ ಬರುತ್ತವೆ, ಅವುಗಳನ್ನು ಹೇಗೆ ಓದಬೇಕು ಎಂಬುದನ್ನು ಈ ತಿಂಗಳು ನೋಡೋಣ.

ಮುಖ್ಯವಾಗಿ ಎರಡು ಮೂಲಗಳಿವೆ. ಒಂದು, ಮುಂಬಯಿಯ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ನಡೆಸುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಅದರ ಮೊದಲ ಸುತ್ತು 1992-93ರಲ್ಲಿ ನಡೆಯಿತು. 2019-21ರ ಐದನೆಯ ಸುತ್ತಿನಲ್ಲಿ 6.36 ಲಕ್ಷ ಮನೆಗಳಿಗೆ ಭೇಟಿ ಕೊಟ್ಟಿದ್ದರು. ಇನ್ನೊಂದು, ರಾಷ್ಟ್ರೀಯ ಮಾದರಿ ಸಮೀಕ್ಷೆ. 2017ರ ಜುಲೈಯಿಂದ 2018ರ ಜೂನ್ ತನಕ ನಡೆದ ಅದರ 75ನೆಯ ಸುತ್ತಿನಲ್ಲಿ 1.13 ಲಕ್ಷ ಕುಟುಂಬಗಳ ಸುಮಾರು 5.55 ಲಕ್ಷ ಜನರ ಕಾಯಿಲೆ ಮತ್ತು ಆಸ್ಪತ್ರೆ ಖರ್ಚಿನ ವಿವರ ಸಂಗ್ರಹಿಸಿದ್ದರು. ನೂರನಲ್ವತ್ತು ಕೋಟಿಯ ದೇಶಕ್ಕೆ ಇಷ್ಟು ಮನೆ ಸಾಕೇ ಎಂದು ನೀವು ಕೇಳಬಹುದು. ಅನ್ನ ಬೆಂದಿದೆಯೇ ಎಂದು ತಿಳಿಯಲು ನಾವು ಇಡೀ ಪಾತ್ರೆಯನ್ನು ಹಿಸುಕುವುದಿಲ್ಲವಲ್ಲ. ಆದರೆ ತಳದ ಅಗುಳನ್ನೂ ಮೇಲಿನ ಅಗುಳನ್ನೂ ನೋಡಬೇಕು ಎಂಬುದು ಅಡುಗೆ ಮಾಡುವವರಿಗೆ ಗೊತ್ತು. ಸಮೀಕ್ಷೆಯವರೂ ಹಳ್ಳಿ, ಪಟ್ಟಣ, ಜಿಲ್ಲೆ ಎಂದು ವಿಂಗಡಿಸಿ ಮನೆಗಳನ್ನು ಆರಿಸುತ್ತಾರೆ. ಆಮೇಲೆ ಪ್ರತಿ ಮನೆಯೂ ತನ್ನಂಥ ಎಷ್ಟು ಮನೆಗಳನ್ನು ಪ್ರತಿನಿಧಿಸುತ್ತದೆ ಎಂಬ ತೂಕ ಕೊಟ್ಟು ಲೆಕ್ಕ ಹಾಕುತ್ತಾರೆ.

ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಮೊದಲು ನೋಡೋಣ. 2005-06ರಲ್ಲಿ ಕನಿಷ್ಠ ಒಬ್ಬ ಸದಸ್ಯನಿಗಾದರೂ ವಿಮೆ ಅಥವಾ ಆರೋಗ್ಯ ಯೋಜನೆಯ ರಕ್ಷಣೆಯಿದ್ದ ಮನೆಗಳು ಶೇ. 5ರಷ್ಟು ಮಾತ್ರ. 2015-16ರಲ್ಲಿ ಅದು ಶೇ. 28.7ಕ್ಕೆ ಏರಿತು. 2019-21ರಲ್ಲಿ ಶೇ. 41. ಹದಿನೈದು ವರ್ಷಗಳಲ್ಲಿ ಎಂಟು ಪಟ್ಟು! ಸಂತೋಷದ ಸಂಗತಿಯೇ. ಇದಕ್ಕೆ ಕಾರಣಗಳೂ ಕಣ್ಣೆದುರಿಗಿವೆ. ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಸದಸ್ಯರಾದ ರೈತರಿಗಾಗಿ 2003ರಲ್ಲಿ ಯಶಸ್ವಿನಿ ಬಂತು. 2008ರಲ್ಲಿ ಕೇಂದ್ರದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ, 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ, 2018ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ್ ಬಂದವು. ಬೇರೆ ರಾಜ್ಯಗಳೂ ಸುಮ್ಮನೆ ಕೂರಲಿಲ್ಲ. 2019-21ರ ಸುತ್ತಿನಲ್ಲಿ ರಾಜಸ್ಥಾನದ ಶೇ. 88ರಷ್ಟು ಮನೆಗಳಲ್ಲಿ, ಆಂಧ್ರದ ಶೇ. 80ರಷ್ಟು ಮನೆಗಳಲ್ಲಿ ಯಾರಿಗಾದರೂ ಒಂದು ರಕ್ಷಣೆ ಇತ್ತು. ಜಮ್ಮು ಕಾಶ್ಮೀರದಲ್ಲಿ ಶೇ. 15 ಕೂಡಾ ಇರಲಿಲ್ಲ.

ಆದರೆ 'ಕನಿಷ್ಠ ಒಬ್ಬ ಸದಸ್ಯ' ಎಂಬ ಮಾತನ್ನು ಇನ್ನೊಮ್ಮೆ ಓದಿ. ಆರು ಮಂದಿಯ ಮನೆಯಲ್ಲಿ ಹಿರಿಯ ಮಗನಿಗೆ ಮಾತ್ರ ಕಂಪೆನಿಯ ವಿಮೆ ಇದೆಯೆಂದಿಟ್ಟುಕೊಳ್ಳಿ. ಲೆಕ್ಕದಲ್ಲಿ ಇಡೀ ಮನೆ 'ಹೌದು' ಎಂಬ ಸಾಲಿಗೆ ಸೇರುತ್ತದೆ. ಉಳಿದ ಐವರ ಗತಿ ಏನೆಂದು ಆ ಸಾಲು ಹೇಳುವುದಿಲ್ಲ. ಆದ್ದರಿಂದ ಅದೇ ಸಮೀಕ್ಷೆ ವ್ಯಕ್ತಿಗಳನ್ನು ಬೇರೆಯಾಗಿ ಕೇಳಿದಾಗ ಅಂಕಿ ಇಳಿಯುತ್ತದೆ. 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 30, ಪುರುಷರಲ್ಲಿ ಶೇ. 33 ಮಂದಿಗೆ ಮಾತ್ರ ರಕ್ಷಣೆ ಇತ್ತು. ಹೆಂಗಸರದ್ದು ಇಲ್ಲೂ ಮೂರು ಹೆಜ್ಜೆ ಹಿಂದೆ.

ಮಾದರಿ ಸಮೀಕ್ಷೆ ಲೆಕ್ಕ ಹಾಕುವುದು ಮನೆಗಳನ್ನಲ್ಲ, ಜನರನ್ನು. ಅದರ 75ನೆಯ ಸುತ್ತಿನ ಪ್ರಕಾರ ಹಳ್ಳಿಗಳಲ್ಲಿ ಶೇ. 14, ಪಟ್ಟಣಗಳಲ್ಲಿ ಶೇ. 19 ಮಂದಿಗೆ ಮಾತ್ರ ಆರೋಗ್ಯ ಖರ್ಚಿನ ರಕ್ಷಣೆ ಇತ್ತು. 2014ರ ಸುತ್ತಿನಲ್ಲೂ ಹೆಚ್ಚುಕಡಿಮೆ ಇದೇ ಸ್ಥಿತಿ. ಈಗ ಯಾರಾದರೂ 2018ರ 14ನ್ನೂ 2021ರ 41ನ್ನೂ ಪಕ್ಕಪಕ್ಕದಲ್ಲಿಟ್ಟು "ಮೂರೇ ವರ್ಷಗಳಲ್ಲಿ ಮೂರು ಪಟ್ಟು" ಎಂದು ಭಾಷಣ ಮಾಡಿದರೆ ಚಪ್ಪಾಳೆ ಬೀಳಬಹುದು. ಆದರೆ ಒಂದು ತಲೆಗಳ ಲೆಕ್ಕ, ಇನ್ನೊಂದು ಮನೆಗಳ ಲೆಕ್ಕ. ಸೇರನ್ನೂ ಮೊಳವನ್ನೂ ಕೂಡಿಸಿದಂತಾಯಿತು. ಒಂದು ಸಮೀಕ್ಷೆಯ ಹಿಂದಿನ ಸುತ್ತನ್ನು ಅದೇ ಸಮೀಕ್ಷೆಯ ಮುಂದಿನ ಸುತ್ತಿನೊಂದಿಗೆ, ಅದೇ ಪ್ರಶ್ನೆಯನ್ನು ಅದೇ ಪ್ರಶ್ನೆಯೊಂದಿಗೆ ಹೋಲಿಸಿದರೆ ಮಾತ್ರ ಏರಿಳಿತ ಗೊತ್ತಾಗುತ್ತದೆ. ಇನ್ನೊಂದು ಸೂಕ್ಷ್ಮವಿದೆ. 75ನೆಯ ಸುತ್ತಿನ ಗಣತಿದಾರರು ಹಾಳೆ ಮಡಚಿ ಮೂರು ತಿಂಗಳಾದ ಮೇಲೆ ಆಯುಷ್ಮಾನ್ ಯೋಜನೆ ಉದ್ಘಾಟನೆಯಾಯಿತು. ಆ ಅಂಕಿಯಿಂದ ಆಯುಷ್ಮಾನನ್ನು ಹೊಗಳುವುದೂ ತಪ್ಪು, ತೆಗಳುವುದೂ ತಪ್ಪು.

ನಮ್ಮ ಕರಾವಳಿಯ ಮನೆಗಳಿಗೆ ಸಂಬಂಧಿಸಿದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಕುಟುಂಬ ಆರೋಗ್ಯ ಸಮೀಕ್ಷೆ ಕೇಳುವುದು ಮನೆಯಲ್ಲಿ ಸಾಮಾನ್ಯವಾಗಿ ವಾಸವಾಗಿರುವ ಸದಸ್ಯರ ಬಗ್ಗೆ. ಹತ್ತು ವರ್ಷಗಳಿಂದ ಗಲ್ಫ್‌ನಲ್ಲಿರುವ ಪತಿಗೆ ಅಲ್ಲಿನ ಕಂಪೆನಿಯ ವಿಮೆ ಇರಬಹುದು. ಆದರೆ ಅವರು ಆ ಲೆಕ್ಕದ ಪ್ರಕಾರ ಇಲ್ಲಿಯ ಮನೆಯವರಲ್ಲ. ಲೆಕ್ಕ ಹಾಗಿರುವುದು ಸರಿಯೇ. ಊರಿನಲ್ಲಿ ತಾಯಿಗೆ ಎದೆನೋವು ಬಂದರೆ ದುಬೈಯ ಕಾರ್ಡು ಯಾವ ಕೆಲಸಕ್ಕೂ ಬರುವುದಿಲ್ಲ. ಅಂಥ ಮನೆಗಳಲ್ಲಿ ಹಣ ಬರುತ್ತದೆಂಬ ಧೈರ್ಯದಿಂದಲೇ ಇಲ್ಲಿಯವರಿಗೆ ಯಾವ ಏರ್ಪಾಡೂ ಮಾಡದೆ ಬಿಟ್ಟದ್ದನ್ನು ನಾನು ಬಹಳ ಕಡೆ ನೋಡಿದ್ದೇನೆ.

ವಿಮೆ ಎಂದೊಡನೆ ಕೆಲವರಿಗೆ ಬಡ್ಡಿಯ ಪ್ರಶ್ನೆ ಬರುತ್ತದೆ. ಅದನ್ನು ಉಲಮಾಗಳಲ್ಲಿ ಕೇಳಿ ತಿಳಿಯಬೇಕು, ಈ ಅಂಕಣ ಅದಕ್ಕೆ ತಕ್ಕ ಜಾಗವಲ್ಲ. ಸಮೀಕ್ಷೆ ಕೇಳುವುದು ಖಾಸಗಿ ಪಾಲಿಸಿಯನ್ನು ಮಾತ್ರವಲ್ಲ. ಇಎಸ್‌ಐ, ರಾಜ್ಯದ ಯೋಜನೆಗಳು, ಉದ್ಯೋಗದಾತರು ಮರಳಿಸುವ ಚಿಕಿತ್ಸಾ ವೆಚ್ಚ ಎಲ್ಲವೂ ಆ ಪಟ್ಟಿಯಲ್ಲಿವೆ. ಸರಕಾರವೇ ಖರ್ಚು ವಹಿಸುವ ಯೋಜನೆಯನ್ನು ಜನರು ವಿಮೆಯೆಂದೇ ಎಣಿಸುವುದಿಲ್ಲ. 'ಇಲ್ಲ' ಎಂಬ ಉತ್ತರಕ್ಕೆ ಇದೂ ಒಂದು ಕಾರಣ.

ಇದಕ್ಕಿಂತಲೂ ದೊಡ್ಡ ಕಾರಣ ಯೋಜನೆಗಳ ಸ್ವರೂಪದಲ್ಲೇ ಇದೆ. ಹಿಂದಿನ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ 30 ರೂಪಾಯಿ ಕೊಟ್ಟು ಹೆಸರು ನೋಂದಾಯಿಸಿ ಕಾರ್ಡು ಪಡೆಯಬೇಕಿತ್ತು. ಪಡೆದವರಿಗೆ ಅದು ನೆನಪಿರುತ್ತಿತ್ತು. ಆಯುಷ್ಮಾನ್‌ನಲ್ಲಿ ಪಟ್ಟಿಯಲ್ಲಿ ಹೆಸರಿದ್ದವರು ತಾವಾಗಿಯೇ ಅರ್ಹರು. ಕರ್ನಾಟಕದಲ್ಲಿ ಬಿಪಿಎಲ್ ಪಡಿತರ ಚೀಟಿಯೇ ಅರ್ಹತೆ. ಹಕ್ಕು ಮನೆಬಾಗಿಲಿಗೆ ಬಂದರೂ ಒಳಗಿದ್ದವರಿಗೆ ಗೊತ್ತಾಗದೆ ಹೋಗಬಹುದು. ಹಾಗಾಗಿ ಸರಕಾರದ ಫಲಾನುಭವಿಗಳ ಸಂಖ್ಯೆ ಮತ್ತು ಸಮೀಕ್ಷೆಯ ಸಂಖ್ಯೆ ತಾಳೆಯಾಗದಿದ್ದರೆ ಯಾರೋ ಸುಳ್ಳು ಹೇಳಿದ್ದಾರೆಂದು ತಿಳಿಯಬೇಕಾಗಿಲ್ಲ. ಆ ಅಂತರವೇ ಒಂದು ಮಾಹಿತಿ. ತನಗೆ ರಕ್ಷಣೆಯಿದೆಯೆಂದು ತಿಳಿಯದ ಬಡವನು ಸಾಲ ಮಾಡಿಯೇ ಚಿಕಿತ್ಸೆ ಪಡೆಯುತ್ತಾನೆ.

'ಹೌದು' ಎಂಬ ಉತ್ತರದಲ್ಲೂ ಎಷ್ಟು ಬಗೆ! ಸ್ವಾಸ್ಥ್ಯ ಬಿಮಾದಲ್ಲಿ ಐವರ ಕುಟುಂಬಕ್ಕೆ ವರ್ಷಕ್ಕೆ 30 ಸಾವಿರ ರೂಪಾಯಿ. ಆಯುಷ್ಮಾನ್‌ನಲ್ಲಿ 5 ಲಕ್ಷ. ನಮ್ಮ ರಾಜ್ಯದಲ್ಲಿ ಬಿಪಿಎಲ್ ಅಲ್ಲದವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ಉಳಿದದ್ದನ್ನು ಕೈಯಿಂದ ಕೊಡಬೇಕು. ಸಮೀಕ್ಷೆಯ ಹಾಳೆಯಲ್ಲಿ ಇವೆಲ್ಲಕ್ಕೂ ಒಂದೇ ಗುರುತು. ಇನ್ನು ಆಯುಷ್ಮಾನ್‌ನಂಥ ಯೋಜನೆಗಳು ಆಸ್ಪತ್ರೆಗೆ ದಾಖಲಾದ ಖರ್ಚನ್ನು ನೋಡಿಕೊಳ್ಳುತ್ತವೆಯೇ ಹೊರತು ತಿಂಗಳು ತಿಂಗಳು ನುಂಗುವ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳ ಖರ್ಚನ್ನಲ್ಲ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ಸ್ವಂತ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ ಶೇ. 64ರಷ್ಟಿತ್ತು. 2021-22ರಲ್ಲಿ ಶೇ. 39ಕ್ಕೆ ಇಳಿಯಿತೆಂದು ಸರಕಾರದ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. ಇಳಿದದ್ದು ಒಳ್ಳೆಯದೇ, ಆದರೂ ನೂರರಲ್ಲಿ 39 ಸಣ್ಣ ಪಾಲಲ್ಲ. 75ನೆಯ ಸುತ್ತಿನಲ್ಲಿ, ಹೆರಿಗೆಯನ್ನು ಬಿಟ್ಟು, ಒಮ್ಮೆ ಆಸ್ಪತ್ರೆ ಸೇರಿದ್ದಕ್ಕೆ ಸರಕಾರಿ ಆಸ್ಪತ್ರೆಯಲ್ಲಿ ಸರಾಸರಿ 4,452 ರೂಪಾಯಿ ತಗಲಿದ್ದರೆ ಖಾಸಗಿಯಲ್ಲಿ 31,845 ರೂಪಾಯಿ ತಗಲಿತ್ತು. ಬಳೆಗಳು ಅಡವಿಗೆ ಹೋಗುವುದು ಈ ಎರಡು ಅಂಕಿಗಳ ನಡುವೆ.

2006ರ ನವೆಂಬರಿನಲ್ಲಿ ಸಾಚಾರ್ ಸಮಿತಿ ತನ್ನ ವರದಿಯನ್ನು ಒಪ್ಪಿಸಿದಾಗ ಅದರ ಬಲವೆಲ್ಲ ಇದ್ದದ್ದು ಜನಗಣತಿ ಮತ್ತು ಇಂಥ ಸಮೀಕ್ಷೆಗಳ ಅಂಕಿಗಳಲ್ಲಿ. ಆ ಅಂಕಿಗಳು ಯಾರದೋ ಮನೆಯ ಜಗಲಿಯಲ್ಲಿ ಕುಳಿತು ಬರೆದುಕೊಂಡವು. ಗಣತಿದಾರರು ಬಂದಾಗ "ಗಂಡಸರು ಮನೆಯಲ್ಲಿಲ್ಲ" ಎಂದು ಬಾಗಿಲು ಮುಚ್ಚುವುದು ನಮ್ಮಲ್ಲಿ ಇನ್ನೂ ಇದೆ. ಮುಚ್ಚಿದ ಬಾಗಿಲಿನ ಹಿಂದಿನ ಕಷ್ಟ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಬಂದವರ ಗುರುತಿನ ಚೀಟಿ ಕೇಳಿ, ನೋಡಿ, ಆಮೇಲೆ ತಿಳಿದಷ್ಟು ಹೇಳಿ. ಜಿಲ್ಲೆಗೊಂದರಂತೆ ಅಂಕಿಅಂಶಗಳ ಹಾಳೆಗಳನ್ನು ಪ್ರಕಟಿಸಿದ್ದಾರೆ. ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ನಿಮ್ಮ ಜಿಲ್ಲೆಯ ಎರಡು ಸುತ್ತುಗಳನ್ನು ತೆಗೆದು ತೋರಿಸಲು ಹೇಳಿ.

ಆ ತಾಯಿಯ ಮನೆಗೆ ಕಳೆದ ವಾರ ಹೋಗಿದ್ದೆ. ಕಾರ್ಡು ಈಗ ಕಪಾಟಿನಿಂದ ಹೊರಬಂದು ಗೋಡೆಯ ಕ್ಯಾಲೆಂಡರಿನ ಹಿಂದೆ ಇದೆ. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗಬಹುದು ಎಂಬುದನ್ನು ಸೊಸೆ ಕೇಳಿ ತಿಳಿದುಕೊಂಡಿದ್ದಾಳೆ. ಮೂರು ವರ್ಷದ ಮೊಮ್ಮಗನ ಹೆಸರು ಮಾತ್ರ ಪಡಿತರ ಚೀಟಿಗೆ ಇನ್ನೂ ಸೇರಿಲ್ಲ. ಸೋಮವಾರ ಅದಕ್ಕಾಗಿ ಹೊರಟಿದ್ದಾರೆ, ಜನನ ಪ್ರಮಾಣಪತ್ರ ಹುಡುಕುತ್ತಿದ್ದರು.