ನೂಲಿನಂತೆಯೇ ಸೀರೆ ಆಗಬೇಕೆ?



"ನೂಲಿನಂತೆ ಸೀರೆ, ತಾಯಿಯಂತೆ ಮಗಳು" ಎಂಬ ಗಾದೆಯನ್ನು ನಮ್ಮಲ್ಲಿ ಹೊಗಳಲು ಬಳಸುವುದಕ್ಕಿಂತ ಚುಚ್ಚಲು ಬಳಸುವುದೇ ಹೆಚ್ಚು. ಕುಡಿತ, ಹೊಡೆತ ಇರುವ ಮನೆಯ ಮಗುವನ್ನು ಕಂಡು "ಆ ಮನೆಯದ್ದಲ್ವಾ, ಇನ್ನು ಹೇಗೆ ಉದ್ಧಾರ ಆದೀತು?" ಎಂದುಬಿಡುತ್ತೇವೆ. ಈಗ ಈ ಮಾತಿಗೆ ವಿಜ್ಞಾನದ ಮುದ್ರೆಯನ್ನೂ ಒತ್ತುತ್ತಿದ್ದಾರೆ. ಬಾಲ್ಯದ ನೋವು ಜೀನ್‌ಗಳಲ್ಲಿ ಅಚ್ಚಾಗುತ್ತದೆ, ಅಳಿಯುವುದಿಲ್ಲ ಎಂಬ ಸಂದೇಶಗಳು ವಾಟ್ಸಾಪ್‌ನಲ್ಲಿ ಓಡಾಡುತ್ತಿವೆ. ಬಿಎಸ್ಸಿ ಓದಿದ ನನಗೆ ಇದನ್ನು ಸುಮ್ಮನೆ ಒಪ್ಪಲಾಗುವುದಿಲ್ಲ.

ಡಿಎನ್‌ಎಯ ಅಕ್ಷರಗಳು ಬದಲಾಗದೆಯೇ ಅದರ ಮೇಲೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತುಗಳು ಕೂರುತ್ತವೆ. ಯಾವ ಜೀನ್ ಎಷ್ಟು ಕೆಲಸ ಮಾಡುತ್ತದೆ ಎಂಬುದರ ಮೇಲೆ ಅವು ಪ್ರಭಾವ ಬೀರುತ್ತವೆ. ಇಂಥವುಗಳ ಅಧ್ಯಯನವೇ ಎಪಿಜೆನೆಟಿಕ್ಸ್. ತಾಯಿ ಚೆನ್ನಾಗಿ ನೆಕ್ಕಿ ಆರೈಕೆ ಮಾಡಿದ ಇಲಿಮರಿಗಳಲ್ಲಿ, ಒತ್ತಡಕ್ಕೆ ಸಂಬಂಧಿಸಿದ ಒಂದು ಜೀನ್‌ನ ಗುರುತುಗಳು ಬೇರೆಯಾಗಿರುವುದನ್ನು ಕೆನಡಾದ ಮೈಕೆಲ್ ಮೀನಿ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ಆರೈಕೆ ಕಡಿಮೆ ಮಾಡುವ ತಾಯಿಯ ಮರಿಯನ್ನು ಅಕ್ಕರೆಯ ತಾಯಿಯ ಬಳಿ ಬಿಟ್ಟಾಗ, ಅದರ ಗುರುತೂ ಆ ಸಾಕುತಾಯಿಯ ಮರಿಗಳಂತೆಯೇ ಆಯಿತು. ಸಂದೇಶ ಕಳಿಸುವವರು ಈ ಎರಡನೆಯ ಭಾಗವನ್ನು ಬಿಟ್ಟುಬಿಡುತ್ತಾರೆ.

ಮನುಷ್ಯರಲ್ಲಿ ಲೆಕ್ಕ ಇನ್ನೂ ಕಷ್ಟ. ಇಲ್ಲಿಯೇ ಬಯೋಸ್ಟ್ಯಾಟಿಸ್ಟಿಷಿಯನ್ ಬೇಕಾಗುವುದು. ಒಂದು ಚಿಪ್‌ನಲ್ಲಿ ಸುಮಾರು 4,50,000 ಜಾಗಗಳ ಗುರುತುಗಳನ್ನು ಅಳೆಯುತ್ತಾರೆ. ನೂರಕ್ಕೆ ಐದು ಎಂಬ ವಾಡಿಕೆಯ ಮಿತಿ ಇಟ್ಟುಕೊಂಡರೆ, ನಿಜವಾಗಿ ಯಾವ ಸಂಬಂಧ ಇಲ್ಲದಿದ್ದರೂ ಸುಮಾರು 22,500 ಜಾಗಗಳು ಆಕಸ್ಮಿಕವಾಗಿ "ಸಿಕ್ಕಿತು" ಎನ್ನುತ್ತವೆ. ಆದ್ದರಿಂದ ಮಿತಿಯನ್ನು ಕೋಟಿಗೆ ಒಂದರ ಸಮೀಪಕ್ಕೆ ಬಿಗಿ ಮಾಡಬೇಕು. ಸಿಗರೇಟು ಕೂಡ ರಕ್ತದಲ್ಲಿ ಇಂಥ ಗುರುತು ಬಿಡುತ್ತದೆ. ನೋವುಂಡು ಬೆಳೆದವರಲ್ಲಿ ಧೂಮಪಾನವೂ ಹೆಚ್ಚು. ಹಾಗಾದರೆ ಕಂಡದ್ದು ನೋವಿನ ಗುರುತೋ, ಸಿಗರೇಟಿನದೋ? ಬ್ರಿಟನ್ನಿನ 2,232 ಅವಳಿ ಮಕ್ಕಳನ್ನು ವರ್ಷಗಟ್ಟಲೆ ಗಮನಿಸುತ್ತಿರುವ ಇ-ರಿಸ್ಕ್ ಅಧ್ಯಯನದ ತಂಡ ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಾಗ, ಬಾಲ್ಯದ ಹಿಂಸೆಗೂ ರಕ್ತದ ಗುರುತುಗಳಿಗೂ ಗಟ್ಟಿ ಸಂಬಂಧ ಸಿಗಲಿಲ್ಲ. ಅದನ್ನು ಅವರು 2018ರಲ್ಲಿ ಹಾಗೆಯೇ ಪ್ರಕಟಿಸಿದರು. ಸಿಗಲಿಲ್ಲ ಎಂದು ಹೇಳುವುದಕ್ಕೂ ಪ್ರಾಮಾಣಿಕತೆ ಬೇಕು.

ಹಾಗೆಂದು ಬಾಲ್ಯದ ನೋವು ಸಣ್ಣದಲ್ಲ. 1998ರಲ್ಲಿ ಅಮೆರಿಕದ ಫೆಲಿಟ್ಟಿ ಮತ್ತು ಆಂಡಾ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟ ಕಂಡವರಿಗೆ ಮದ್ಯವ್ಯಸನ, ಖಿನ್ನತೆ, ಆತ್ಮಹತ್ಯೆ ಪ್ರಯತ್ನದ ಅಪಾಯ 4ರಿಂದ 12 ಪಟ್ಟು ಹೆಚ್ಚಿತ್ತು. ಆದರೆ ಅದು ಗುಂಪಿನ ಲೆಕ್ಕ. ಈ ಅಂಕವನ್ನು ಹಿಡಿದು ಒಬ್ಬೊಬ್ಬರ ಭವಿಷ್ಯ ಹೇಳಬಾರದೆಂದು 2020ರಲ್ಲಿ ಆಂಡಾ ಅವರೇ ಎಚ್ಚರಿಸಿದರು. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 136 ಅನಾಥಾಲಯದ ಮಕ್ಕಳ ಪೈಕಿ ಅರ್ಧದಷ್ಟು ಮಕ್ಕಳನ್ನು ಚೀಟಿ ಎತ್ತಿದಂತೆ ಆರಿಸಿ ಸಾಕುಮನೆಗಳಿಗೆ ಕಳಿಸಲಾಯಿತು. ಅವರು ಬುದ್ಧಿಯಲ್ಲಿ, ಬಾಂಧವ್ಯದಲ್ಲಿ ಚೇತರಿಸಿಕೊಂಡರು. ಎರಡು ವರ್ಷದೊಳಗೆ ಮನೆ ಸಿಕ್ಕವರು ಹೆಚ್ಚು ಚೇತರಿಸಿಕೊಂಡರು. ಅಂದರೆ ನೋವೂ ನಿಜ, ಆರೈಕೆಯ ಫಲವೂ ನಿಜ. ತಡಮಾಡಿದರೆ ನಷ್ಟ ಎಂಬುದೂ ನಿಜ.

ಆದ್ದರಿಂದ ನನ್ನ ಮಾತು ಎರಡು. ಪ್ಲಸ್ ಟು ಮುಗಿಸಿದವರೇ, ಗಣಿತ ಓದಿದರೆ ಬಿಎಡ್ ಅಥವಾ ಬ್ಯಾಂಕ್ ಪರೀಕ್ಷೆ ಮಾತ್ರ ಎಂದುಕೊಳ್ಳಬೇಡಿ. ವೆಲ್ಲೂರಿನ ಸಿಎಂಸಿಯಲ್ಲಿ ಬಯೋಸ್ಟ್ಯಾಟಿಸ್ಟಿಕ್ಸ್ ಕಲಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಮುನ್ನಡೆಸುವ ಸಿವೇದ ಅಧ್ಯಯನಕ್ಕೆ 6ರಿಂದ 23 ವಯಸ್ಸಿನ ಸಾವಿರಾರು ಭಾರತೀಯರನ್ನು ಸೇರಿಸಿಕೊಳ್ಳಲಾಗಿತ್ತು. ನಮ್ಮ ಮಕ್ಕಳ ಬದುಕಿನ ಬಗ್ಗೆ ಲಂಡನ್ನಿನ ಲೆಕ್ಕವೇ ಕೊನೆಯ ಮಾತಾಗಬಾರದಲ್ಲವೇ? ಹೊರಗೆ ಕಾಣದ ಈ ಕೆಲಸವೂ ಸೇವೆಯೇ.

ಎರಡನೆಯದು ನಮಗೆಲ್ಲರಿಗೂ. ನಮ್ಮ ವಾರ್ಡಿನ ಯಾವ ಮಗುವಿನ ಮೇಲೂ "ಆ ಮನೆಯದ್ದು" ಎಂಬ ಗುರುತು ಹಾಕಬೇಡಿ. ಮಗುವಿಗೆ ಹೊಡೆತ ಬೀಳುತ್ತಿರುವುದು ಗೊತ್ತಾದರೆ ಪಿಸುಗುಟ್ಟದೆ 1098ಕ್ಕೆ ಕರೆ ಮಾಡಿ. ಆ ಮಗುವಿನೊಡನೆ ಆಟಕ್ಕೆ, ಪಾಠಕ್ಕೆ ವಾರಕ್ಕೆ ಒಂದು ಗಂಟೆ ಕೊಡಿ. ಈ ಭಾನುವಾರದಿಂದಲೇ ಯಾಕಾಗಬಾರದು?