ಬೀದರದ ಬಣ್ಣದ ಬಿಲ್ಲೆಗಳು: ದುರಸ್ತಿಗೆ ಮೊದಲು ದಾಖಲೆ

ಬೀದರದ ಮಹಮೂದ ಗಾವಾನನ ಮದರಸಾ ಮೂಲತಃ ಒಂದು ವಿದ್ಯಾಲಯ. ಇರಾನದ ಗೀಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಗಾವಾನನು ಅದನ್ನು ೧೪೭೨ರಲ್ಲಿ ಕಟ್ಟಿಸಿದನು. ಪಾಠಶಾಲೆ, ಗ್ರಂಥಾಲಯ, ಮಸೀದಿ, ಗುರುಶಿಷ್ಯರ ವಸತಿಗಳನ್ನು ಒಳಗೊಂಡ ಆ ವಿದ್ಯಾಮಂದಿರದ ಮುಂಭಾಗವು ಮೆರುಗಿನ ಬಣ್ಣದ ಬಿಲ್ಲೆಗಳಿಂದ ಶೋಭಿಸುತ್ತಿತ್ತು. ಔರಂಗಜೇಬನ ಕಾಲದಲ್ಲಿ, ೧೭ನೆಯ ಶತಮಾನದ ಕೊನೆಗೆ, ಅಲ್ಲಿ ಕೂಡಿಟ್ಟಿದ್ದ ಮದ್ದು ಸಿಡಿದು ಮುಂಭಾಗದ ಒಂದು ಪಾರ್ಶ್ವವೂ ಒಂದು ಮಿನಾರವೂ ನೆಲಕ್ಕುರುಳಿದವು. ಉಳಿದ ಮಿನಾರದ ಓರೆಗೆರೆಯ ವಿನ್ಯಾಸವೂ ಗೋಡೆಯ ಅಕ್ಷರಪಟ್ಟಿಕೆಯೂ ಇಂದು ಅಲ್ಲಲ್ಲಿ ಮಾತ್ರ ಕಾಣುತ್ತವೆ.

ಈ ಬಣ್ಣವು ಬಳಿದದ್ದಲ್ಲ. ಕುಲುಮೆಯ ಕಾವಿನಲ್ಲಿ ಗಾಜಿನಂತೆ ಕರಗಿ ಮಣ್ಣಿನ ಬಿಲ್ಲೆಗೆ ಅಂಟಿದ್ದು. ಕೋಬಾಲ್ಟಿನಿಂದ ಕಡುನೀಲಿ, ತಾಮ್ರದಿಂದ ಹಸಿರುನೀಲಿ ಬರುತ್ತದೆ. ಬಿಸಿಲಿಗೆ ಅದು ಮಾಸದು. ಆದರೆ ಗೋಡೆಯೊಳಗೆ ಇಳಿದ ಮಳೆನೀರು ಲವಣವನ್ನು ಹೊತ್ತು ಹೊರಬರುವಾಗ, ಆ ಲವಣವು ಹರಳುಗಟ್ಟಿ ಮೆರುಗನ್ನು ಕಿತ್ತೊಗೆಯುತ್ತದೆ. ಗಾರೆ ಸಡಿಲಗೊಂಡು ಬಿಲ್ಲೆ ಉದುರುತ್ತದೆ. ಸಿಮೆಂಟು ಮೆತ್ತಿದರೆ ತೇವವು ಒಳಗೇ ನಿಂತು ಹಾನಿ ಹೆಚ್ಚುತ್ತದೆ.

ಬರಿದಾದ ಗೋಡೆಗೆ ಹೊಸ ಬಿಲ್ಲೆ ಕೂಡಿಸಿ ಅಂದಗೊಳಿಸಬಾರದೇಕೆ ಎಂದು ಕೆಲವರು ಕೇಳುವುದುಂಟು. ತಾಳೆಗರಿಯಲ್ಲಿ ಹುಳು ತಿಂದ ಅಕ್ಷರದೆಡೆಗೆ ಸಂಪಾದಕನು ಸ್ವಂತ ಪದವನ್ನು ತುಂಬಿದರೆ ಅದು ಪಾಠಶೋಧನವಲ್ಲ, ಪ್ರಕ್ಷೇಪ. ಗೋಡೆಗೂ ಇದೇ ನ್ಯಾಯ. ಆಧಾರವಿಲ್ಲದೆಡೆ ಸುಣ್ಣದ ಗಾರೆಯನ್ನಷ್ಟೇ ಹಾಕಿ ಬರಿದಾಗಿ ಬಿಡುವುದೇ ಪ್ರಾಮಾಣಿಕತೆ. ಆಧಾರವನ್ನು ಒದಗಿಸುವುದು ದಾಖಲೆ. ಗುಲಾಮ್ ಯಜ್ದಾನಿಯವರು ೧೯೪೭ರಲ್ಲಿ ಪ್ರಕಟಿಸಿದ ಬೀದರದ ಗ್ರಂಥದ ವರ್ಣನೆ, ಚಿತ್ರಗಳು ಇಂದಿನ ಸ್ಥಿತಿಯೊಡನೆ ಹೋಲಿಸಿ ನೋಡಲು ನೆರವಾಗುತ್ತವೆ. ಅದರ ಮುಂದಿನ ಹೆಜ್ಜೆಯಾಗಿ ಪ್ರತಿಯೊಂದು ಬಿಲ್ಲೆಗೂ ಸಂಖ್ಯೆ, ಅಳತೆ, ಬಣ್ಣ, ಸ್ಥಾನ, ಛಾಯಾಚಿತ್ರಗಳು ಸೇರಬೇಕು. ಉದುರಿದ ಚೂರು ಎಲ್ಲಿಯದೆಂದು ಬರೆದಿಡದಿದ್ದರೆ ಅದು ಬರಿಯ ಬೋಕಿಯೇ ಸರಿ.

ಇದು ಅನ್ಯರ ಸೊತ್ತೆಂದು ಭಾವಿಸುವುದು ಸಲ್ಲದು. ಅಷ್ಟೂರಿನ ಅಹ್ಮದ ಶಹಾ ವಲಿಯನ್ನು ಅಲ್ಲಮಪ್ರಭುವೆಂದೇ ಭಾವಿಸಿ ಲಿಂಗಾಯತ ಭಕ್ತರು ನಡೆದುಕೊಳ್ಳುತ್ತ ಬಂದಿದ್ದಾರೆ. ಅಲ್ಲಿಯೇ ಇರುವ ಅವನ ಮಗ ಅಲಾವುದ್ದೀನನ ಗೋರಿಯ ಮುಂಭಾಗದಲ್ಲಿಯೂ ಇಂಥ ಬಿಲ್ಲೆಗಳ ಅವಶೇಷಗಳಿವೆ. ಫ. ಗು. ಹಳಕಟ್ಟಿಯವರು ಊರೂರು ಅಲೆದು ತಾಳೆಗರಿಗಳನ್ನು ಕಲೆಹಾಕಿ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಆ ಶ್ರಮದ ಫಲವನ್ನು ಉಣ್ಣುತ್ತಿರುವ ಸಮಾಜಕ್ಕೆ ದಾಖಲೆಯ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಪುರಾತತ್ತ್ವ ಇಲಾಖೆಯ ಅನುಮತಿ ಪಡೆದು, ಬಿಲ್ಲೆಗಳನ್ನು ಮುಟ್ಟದೆ, ವಿದ್ಯಾರ್ಥಿಗಳು ವಿನ್ಯಾಸಗಳನ್ನು ಬರೆದುಕೊಳ್ಳಲಿ, ಅಧ್ಯಾಪಕರು ತಿದ್ದಲಿ, ದಾನಿಗಳು ಅದನ್ನು ಅಚ್ಚುಹಾಕಿಸಲಿ. ಐದು ಶತಮಾನಗಳ ಹಿಂದಿನ ಒಂದು ವಿದ್ಯಾಲಯಕ್ಕೆ ಇಂದಿನ ವಿದ್ಯಾಲಯಗಳು ಸಲ್ಲಿಸಬಹುದಾದ ಋಣ ಇದು.