ಕಸ ಹುಟ್ಟುವುದು ಸಾಮಾನಿನ ಪಟ್ಟಿಯಲ್ಲಿ

ಜಾತ್ರೆ, ಮದುವೆ, ಗಣೇಶೋತ್ಸವ ಮುಗಿದ ಮರುದಿನ ಪೊರಕೆ ಹಿಡಿದು ಶ್ರಮದಾನ ಮಾಡುವುದು ಒಳ್ಳೆಯದೇ. ಆದರೆ ಕಸ ಹುಟ್ಟುವುದು ಸಾಮಾನಿನ ಪಟ್ಟಿ ಬರೆಯುವ ದಿನ.

ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿತು. ನೀರಿನ ಬಾಟಲಿ ಆ ಪಟ್ಟಿಯಲ್ಲಿಲ್ಲ. 300 ಜನರ ಊಟಕ್ಕೆ ತಲಾ ಎರಡು ಅರ್ಧ ಲೀಟರ್ ಬಾಟಲಿ ಕೊಟ್ಟರೆ 600 ಖಾಲಿ ಬಾಟಲಿ ಉಳಿಯುತ್ತವೆ. ಅಷ್ಟೇ ನೀರಿಗೆ 20 ಲೀಟರಿನ 15 ಕ್ಯಾನ್ ಸಾಕು. ಕ್ಯಾನ್‌ಗಳು ಅಂಗಡಿಗೆ ಮರಳುತ್ತವೆ.

ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನರನ್ನು ಸೇರಿಸುವವರು ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸ ವಿಂಗಡಿಸಿ ಕೊಡಬೇಕು ಎಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದವು. ಅವುಗಳ ಗಮನವಿದ್ದದ್ದು ಹೆಚ್ಚಾಗಿ ನಗರಗಳ ಮೇಲೆ. ಹಾಗಲವಾಡಿಯಂಥ ಊರುಗಳು ಇಂಥ ಕಟ್ಟುಪಾಡನ್ನು ಗ್ರಾಮಸಭೆಯಲ್ಲಿ ತಾವೇ ಮಾಡಿಕೊಳ್ಳಬಹುದು.

ಗುಬ್ಬಿ ತಾಲ್ಲೂಕಿನ ತೋಟಗಳಲ್ಲಿ ಅಡಿಕೆ ಹಾಳೆ, ಬಾಳೆ ಎಲೆಗೆ ಬರವಿಲ್ಲ. ಊಟವಾದ ಮೇಲೆ ಅವು ತಿಪ್ಪೆಗೆ ಬಿದ್ದು ಗೊಬ್ಬರವಾಗುತ್ತವೆ. ಪ್ಲಾಸ್ಟಿಕ್ ಪದರ ಅಂಟಿಸಿದ ಕಾಗದದ ತಟ್ಟೆ ಹಾಗೆ ಕೊಳೆಯುವುದಿಲ್ಲ. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆ ಸಮಾರಂಭಗಳಿಗೆ ಸ್ಟೀಲ್ ತಟ್ಟೆ, ಲೋಟ ಒದಗಿಸುವ ‘ಪ್ಲೇಟ್ ಬ್ಯಾಂಕ್’ ನಡೆಸುತ್ತಿದೆ. ಪಂಚಾಯಿತಿ ಅಥವಾ ಸ್ವಸಹಾಯ ಸಂಘ ಇಲ್ಲೂ ಅದನ್ನು ಮಾಡಬಹುದು. ಸಣ್ಣ ಬಾಡಿಗೆ ಇಟ್ಟರೆ ಒಂದಿಬ್ಬರಿಗೆ ಕೆಲಸವೂ ಸಿಗುತ್ತದೆ.

ಒಂದು ಎಚ್ಚರ ಬೇಕು. ತಟ್ಟೆ ತೊಳೆಯುವವರ ಕೂಲಿಯನ್ನು ಮೊದಲೇ ಖರ್ಚಿನ ಲೆಕ್ಕಕ್ಕೆ ಸೇರಿಸಬೇಕು. ಇಲ್ಲದಿದ್ದರೆ ಪರಿಸರದ ಹೆಸರಿನಲ್ಲಿ ಆ ಹೊರೆ ಮನೆಯ ಹೆಣ್ಣುಮಕ್ಕಳ ತಲೆಗೇ ಬೀಳುತ್ತದೆ. ಮುಂದಿನ ಹಬ್ಬದ ಚಂದಾ ಎತ್ತುವ ಮುನ್ನ ಯುವಕ ಸಂಘಗಳು ಈ ಲೆಕ್ಕ ಹಾಕಲಿ.